ಒಳಲೆ ಹಿಡಿದ ಕೈ

ನಮ್ಮೂರಲ್ಲಿ ಬಸುರಿಯನ್ನು ಗಂಡು ಬೇಕೋ ಹೆಣ್ಣು ಬೇಕೋ ಎಂದು ಯಾರೂ ಕೇಳುವುದಿಲ್ಲ. ನಿದ್ದೆ ಯಾರದು ಎಂದು ಕೇಳುತ್ತಾರೆ. ನನ್ನನ್ನೂ ಕೇಳಿದರು. ತರಕಾರಿ ಅಂಗಡಿಯಲ್ಲಿ ಕೇಳಿದರು, ಪಿಂಗಾಣಿ ಕಾರ್ಖಾನೆಯ ಗೇಟಿನಲ್ಲಿ ಕೇಳಿದರು, ಪಕ್ಕದ ಮನೆಯ ಜಗಲಿಯಲ್ಲಿ ತಲೆ ಬಾಚಿಸಿಕೊಳ್ಳುತ್ತ ಕೂತಿದ್ದಾಗಲೂ ಕೇಳಿದರು. "ಅತ್ತೇದು" ಎಂದಷ್ಟೇ ಹೇಳುತ್ತಿದ್ದೆ. ಕೇಳಿದವರು ನನ್ನ ಹೊಟ್ಟೆಯನ್ನೊಮ್ಮೆ ಮುಖವನ್ನೊಮ್ಮೆ ನೋಡಿ, "ಹೂಂ, ಇನ್ಯಾರದಿದ್ದೀತು ಬಿಡು" ಎನ್ನುತ್ತಿದ್ದರು. ನನಗೆ ಫಿಟ್ಸ್ ಬರುವ ಸಂಗತಿ ಊರಿಗೆಲ್ಲ ಗೊತ್ತಿತ್ತು.

ಅನ್ನ ಮುಟ್ಟಿಸುವವರೆಗೆ ನಮ್ಮೂರ ಕೂಸುಗಳಿಗೆ ತಮ್ಮದೆನ್ನುವ ನಿದ್ದೆ ಇರುವುದಿಲ್ಲ. ಹಾಲುಣಿಸಿದವರ ನಿದ್ದೆಯನ್ನು ಅವು ಮಲಗುತ್ತವೆ. ಕೂಸು ಕಣ್ಣು ಮುಚ್ಚಿದಷ್ಟು ಹೊತ್ತು ಉಣಿಸಿದವರ ಕಣ್ಣು ಮುಚ್ಚುವುದಿಲ್ಲ. ಕೂಸು ಕಣ್ಣು ಬಿಟ್ಟ ಮೇಲೆ ಅದನ್ನು ಎತ್ತಿಕೊಳ್ಳಬೇಕು, ಬಟ್ಟೆ ಬದಲಿಸಬೇಕು, ಮತ್ತೆ ಉಣಿಸಬೇಕು, ಅದು ಮತ್ತೆ ಮಲಗುತ್ತದೆ. ಅಲ್ಲಿಗೆ ಅರ್ಧ ವರ್ಷ ಕಳೆದುಹೋಗುತ್ತದೆ. ಮೊದಲ ಹಾಲು ಯಾರ ಕೈಯಿಂದ ಬಾಯಿಗೆ ಬಿತ್ತೋ ಕಡೆಯ ತನಕ ಅವರೇ ಉಣಿಸಬೇಕು, ನಡುವೆ ಕೈ ಬದಲಾದರೆ ಮಗುವಿನ ನಿದ್ದೆ ಎರಡು ಹೋಳಾಗಿ ಬುದ್ಧಿಯೂ ಹೋಳಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಹಾಗೆ ಹೋಳಾದ ಮಗುವನ್ನು ಕಂಡವರು ಯಾರೂ ಇರಲಿಲ್ಲ. ಯಾರೂ ಕೈ ಬದಲಿಸಿದ್ದಿಲ್ಲವಲ್ಲ.

ಊರು ಇದಕ್ಕೆ ಒಗ್ಗಿಕೊಂಡಿತ್ತು. ನಿದ್ದೆ ಕೊಡುತ್ತಿರುವವರು ಎದುರಾದರೆ ಸೈಕಲ್ಲಿನವರು ತಾವೇ ಇಳಿದು ದಾರಿ ಬಿಡುತ್ತಿದ್ದರು. ಅಂಗಡಿಯವರು ಅವರು ಹೇಳಿದ ಸಾಮಾನನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡೇ ಪೊಟ್ಟಣ ಕಟ್ಟುತ್ತಿದ್ದರು. ಕಾರ್ಖಾನೆಯಲ್ಲಿ ಅವರಿಗೆ ಒಡೆಯುವ ಸಾಮಾನು ಮುಟ್ಟಿಸುತ್ತಿರಲಿಲ್ಲ, ಬಸಿ ಬಟ್ಟಲುಗಳ ನಡುವೆ ತುಂಬುವ ಒಣಹುಲ್ಲನ್ನು ಬಿಡಿಸಲು ಕೂರಿಸುತ್ತಿದ್ದರು. ಅವರು ಆಡಿದ ಮಾತಿಗೆ ಯಾರೂ ಜಗಳ ತೆಗೆಯುವಂತಿರಲಿಲ್ಲ. ಮಗುವಿಗೆ ಅನ್ನ ಮುಟ್ಟಿಸಿದ ದಿನ ಅವರು ಮಲಗಿದರೆಂದರೆ ಬೀದಿಯವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು.

ನಾನು ದೊಡ್ಡವಳಾದ ವರ್ಷ ಮೊದಲ ಸಲ ಬಚ್ಚಲಲ್ಲಿ ಬಿದ್ದೆ. ಆಮೇಲೆ ಮಾತ್ರೆ ಶುರುವಾಯಿತು. ಮಾತ್ರೆ ತಪ್ಪಿದರೂ ಬೀಳುತ್ತಿದ್ದೆ, ನಿದ್ದೆ ತಪ್ಪಿದರೆ ಖಂಡಿತ ಬೀಳುತ್ತಿದ್ದೆ. ಆದ್ದರಿಂದ ನನ್ನ ಹಿರಿಯ ಮಗಳು ಭಾನು ಹುಟ್ಟಿದಾಗ ಅವಳನ್ನು ಅತ್ತೆಯೇ ತಗೊಂಡರು. ಅತ್ತೆಯ ಹೆಸರು ಪುಟ್ಟನಂಜಮ್ಮ. ನಾನು ಒಳಮನೆಯಲ್ಲಿ ಕೂತು ಹಾಲನ್ನು ಲೋಟಕ್ಕೆ ಹಿಂಡಿ ಕೊಡುವುದು, ಅವರು ನಡುಮನೆಯಲ್ಲಿ ಕೂತು ಒಳಲೆಯಲ್ಲಿ ಉಣಿಸುವುದು. ಒಳಲೆ ಎಂದರೆ ನಮ್ಮೂರಲ್ಲೇ ಮಾಡುವ, ಮುಂದೆ ಮೂತಿಯಿರುವ ಬಿಳಿ ಪಿಂಗಾಣಿ ಬಟ್ಟಲು. ನಾನು ಹತ್ತಿರವಿದ್ದರೆ ನನ್ನ ವಾಸನೆಗೆ ಮಗು ಮುಖ ತಿರುಗಿಸುತ್ತದೆಂದು ನಡುವಿನ ಬಾಗಿಲು ಮುಚ್ಚುತ್ತಿದ್ದರು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಮಗು ಮುಖ ತಿರುಗಿಸುತ್ತಿದ್ದುದು ನಿಜವೇ. ಅವಳು ಹಾಲು ನುಂಗುವ ಸದ್ದು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಭಾನುವಿಗೆ ಅನ್ನ ಮುಟ್ಟಿಸಿದ ಮೇಲೆ ಅತ್ತೆ ಮಲಗಿ ಎದ್ದರು. ಏಳುವಾಗ ಕೆಲವು ಮಾತುಗಳನ್ನು ಕಳಕೊಂಡು ಎದ್ದಿದ್ದರು. ಇಕ್ಕಳಕ್ಕೆ "ಆ ಹಿಡಿಯೋದು" ಎನ್ನುತ್ತಿದ್ದರು, ಬೀಗದ ಕೈಗೆ "ತಿರುಗ್ಸೋದು." ಅವರ ಮೂರು ಮಕ್ಕಳಿಗೂ ಅವರೇ ನಿದ್ದೆ ಕೊಟ್ಟಿದ್ದರು, ಭಾನು ನಾಲ್ಕನೆಯವಳು. ಅದಾದ ಮೇಲೆ ಭಾನು ಅಜ್ಜಿಯ ಮಗಳಾಗಿ ಬೆಳೆದಳು. ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಬಿದ್ದು ಮಂಡಿ ತರಚಿಕೊಂಡಾಗ ಮಾತ್ರ ನನ್ನ ಪಕ್ಕದಲ್ಲೇ ಹಾದು ಅಜ್ಜಿಯ ಹತ್ತಿರ ಓಡುತ್ತಿದ್ದಳು.

ಎರಡನೆಯ ಬಸಿರು ನಿಂತಾಗ ಭಾನುಗೆ ಆರು ತುಂಬಿತ್ತು. ಆ ಹೊತ್ತಿಗೆ ಊರಿಗೆ ಡಾಕ್ಟರ್ ಮೃಣಾಲಿನಿ ಬಂದಿದ್ದರು. ಕಾರ್ಖಾನೆಯ ಹಳೇ ಉಗ್ರಾಣಕ್ಕೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಪೆಟ್ಟಿಗೆಗಟ್ಟಲೆ ಯಂತ್ರ ತಂದಿಟ್ಟುಕೊಂಡಿದ್ದರು. ಕೂಸುಗಳ ಆಹಾರ, ನಿದ್ದೆ, ಮೆದುಳು ಈ ಮೂರಕ್ಕೂ ಏನು ಸಂಬಂಧ ಎಂದು ಅವರ ಸಂಶೋಧನೆ. ಮಗುವಿನ ತಲೆಗೊಂದು, ಉಣಿಸಿದವರ ತಲೆಗೊಂದು ತಂತಿಗಳಿರುವ ಟೋಪಿ ತೊಡಿಸುತ್ತಿದ್ದರು. ಪರದೆಯ ಮೇಲೆ ಎರಡು ಗೆರೆಗಳು ಓಡುತ್ತಿದ್ದವು. ಮಗುವಿನ ಗೆರೆ ನಿಧಾನವಾಗಿ ದೊಡ್ಡ ದೊಡ್ಡ ಅಲೆಗಳಾದರೆ ನಿದ್ದೆ ಎಂದರ್ಥ. ಅದೇ ಗಳಿಗೆಗೆ ಉಣಿಸಿದವರ ಗೆರೆ ಸಣ್ಣಗೆ ಗರಗಸದ ಹಲ್ಲಿನಂತೆ ಆಗುತ್ತಿತ್ತು. ಮಗುವನ್ನು ತೂಗುತ್ತಿದ್ದರು, ಹಾಲನ್ನು ಪುಟ್ಟ ಸೀಸೆಗಳಲ್ಲಿ ಹಿಡಿದಿಡುತ್ತಿದ್ದರು. ಹಾಲಿನಲ್ಲೇ ಏನೋ ಇರಬೇಕೆಂದು ಅವರಿಗೆ ಗುಮಾನಿ. ಬೇರೆ ಊರುಗಳಲ್ಲಿ ಕೂಸುಗಳು ತಮ್ಮದೇ ನಿದ್ದೆ ಮಾಡುತ್ತವೆ ಎಂದು ಅವರು ಹೇಳಿದಾಗ ಯಾರೂ ಎದುರಾಡಲಿಲ್ಲ, ನಂಬಲೂ ಇಲ್ಲ. ಅತ್ತೆ ಮಾತ್ರ "ಹಂಗಾದ್ರೆ ಆ ಮಕ್ಳಿಗೆ ಯಾರ ಋಣ ಇರ್ತದೆ ಡಾಕ್ಟ್ರಮ್ಮ?" ಎಂದು ಕೇಳಿದರು. ಡಾಕ್ಟರು ಟೋಪಿಯ ತಂತಿ ಸರಿಮಾಡಿದರು.

ನಾನು ಮಾತ್ರೆಗೆ ಹೋದಾಗಲೆಲ್ಲ ಅವರು ನನ್ನನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು.

"ಚೆಲುವಾಂಬ ಅವರೇ, ಊರಲ್ಲಿ ಮಿಕ್ಕವರೆಲ್ಲ ತಮ್ಮ ಹಾಲನ್ನ ತಾವೇ ಉಣಿಸ್ತಾರೆ. ನಿಮ್ಮ ಮನೇಲಿ ಮಾತ್ರ ಹಾಲು ಒಬ್ಬರದು, ಕೈ ಒಬ್ಬರದು. ನೀವು ಸೇರಿಕೊಂಡ್ರೆ ನಿದ್ದೆ ಹೋಗೋದು ಹಾಲಿನಿಂದಾನೋ ಕೈಯಿಂದಾನೋ ಗೊತ್ತಾಗತ್ತೆ."

"ಗೊತ್ತಾದ್ರೆ ನಮ್ಗೇನು ಬರ್ತದೆ?"

"ಏನೂ ಬರದೇ ಇರಬಹುದು" ಎಂದರು ಅವರು. ಆ ಮಾತಿಗೇ ನಾನು ಒಪ್ಪಿಕೊಂಡೆ. ಏನಾದರೂ ಬರುತ್ತದೆ ಎಂದಿದ್ದರೆ ಒಪ್ಪುತ್ತಿರಲಿಲ್ಲವೇನೋ.

ನನ್ನ ಗಂಡ ಮರಿಸ್ವಾಮಿ ಕಾರ್ಖಾನೆಯಲ್ಲಿ ಬಟ್ಟಲುಗಳ ಅಂಚಿಗೆ ನೀಲಿ ಗೆರೆ ಬರೆಯುವ ಕೆಲಸದವರು. ಮಾತು ಕಡಿಮೆ. ಹೆರಿಗೆ ಹತ್ತಿರವಾದಂತೆ ಅವರಿಗೆ ತಾಯಿಯದೇ ಚಿಂತೆಯಾಯಿತು. ಒಂದು ಬೆಳಿಗ್ಗೆ ತಿಂಡಿ ತಿನ್ನುವಾಗ, "ಅವ್ವನ ಕೈಲಿ ಈ ಸಲ ಆಗಲ್ಲ ಕಣೆ" ಎಂದರು. ಅತ್ತೆ ಒಲೆಯ ಮುಂದಿನಿಂದಲೇ ಕೇಳಿಸಿಕೊಂಡರು.

"ಯಾಕಾಗಲ್ಲ? ನನ್ಗೇನಾಗದೆ? ನಾನಲ್ದೆ ಇನ್ಯಾರು ಕೊಡ್ತಾರೆ, ನಿಂಗೆ ಕೊಡಕ್ಕಾಯ್ತದ?"

ಅವರು ತಲೆ ತಗ್ಗಿಸಿ ತಟ್ಟೆ ಖಾಲಿ ಮಾಡಿದರು. ಗಂಡಸು ಉಣಿಸಿದ ಮಗು ಕಣ್ಣು ಬಿಟ್ಟುಕೊಂಡೇ ಮಲಗುತ್ತದೆಂದು ನಮ್ಮಲ್ಲಿ ಹೇಳುತ್ತಾರೆ. ಅದನ್ನೂ ಯಾರೂ ಮಾಡಿ ನೋಡಿರಲಿಲ್ಲ.

ಗಂಡುಮಗು ಹುಟ್ಟಿತು. ಸೂಲಗಿತ್ತಿ ಅದನ್ನು ಒರೆಸಿ, ನನಗೆ ತೋರಿಸಿ, ಅತ್ತೆಯ ಮಡಿಲಿಗೆ ಹಾಕಿದಳು. ಅವರು ಒಳಲೆಯಿಂದ ಮೊದಲ ಹನಿ ಬಿಟ್ಟರು. ಮಗು ನುಂಗಿ, ಒಮ್ಮೆ ಮೈಮುರಿದು, ನಿದ್ದೆ ಹೋಯಿತು. ಅತ್ತೆಯ ಕಣ್ಣುಗಳು ಅಗಲವಾದವು. ಆ ನೋಟ ನನಗೆ ಭಾನುವಿನ ಕಾಲದಿಂದಲೇ ಪರಿಚಯ. ಯಾರೋ ದೂರದಿಂದ ಕೂಗಿದ್ದಕ್ಕೆ ಕಿವಿಗೊಟ್ಟ ಹಾಗಿರುತ್ತದೆ, ಅದು ಅರ್ಧ ವರ್ಷ ಹೋಗುವುದಿಲ್ಲ. ಮಗುವಿಗೆ ನಾಗೇಂದ್ರ ಎಂದು ಹೆಸರಿಟ್ಟೆವು.

ನಾನು ಹಾಲು ಹಿಂಡಿ ಕೊಡುತ್ತಿದ್ದೆ, ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಿದ್ದೆ. ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಮಲಗಿ ಎದ್ದವರು ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ತುಂಬಿಕೊಂಡು ಕಾಣುತ್ತಿತ್ತು. ಅದನ್ನು ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಅತ್ತೆಯ ಮಾತುಗಳು ಈ ಸಲ ಬೇಗ ಉದುರತೊಡಗಿದವು. ಮೊದಲು ಸಾಮಾನುಗಳ ಹೆಸರು ಹೋದವು, ಆಮೇಲೆ ಜನರದು. ಒಂದು ದಿನ ಕೆಲಸದಿಂದ ಬಂದ ಮಗನನ್ನೇ ನೋಡಿ "ಯಾರ್ ಬೇಕಿತ್ತಪ್ಪ?" ಎಂದರು. ನನ್ನ ಗಂಡ "ನಾನೇ ಕಣವ್ವ" ಎಂದು ಹೇಳಿ ಒಳಗೆ ಬಂದು ಬಟ್ಟೆ ಬದಲಿಸಿದರು.

ಮಗುವಿಗೆ ಎರಡು ತಿಂಗಳು ತುಂಬಿದ ಸುಮಾರಿಗೆ ಅದು ನಡೆಯಿತು. ಮಧ್ಯಾಹ್ನ ಊಟದ ಹೊತ್ತು. ಅತ್ತೆ ನಾಗೇಂದ್ರನನ್ನು ಎತ್ತಿಕೊಂಡು ಕಾರ್ಖಾನೆಯ ಹುಲ್ಲಿನ ಕೊಟ್ಟಿಗೆಯ ಕಡೆ ಹೋಗಿದ್ದರು. ಅಲ್ಲಿ ಬಟ್ಟಲುಗಳನ್ನು ಹುಲ್ಲಿನೊಳಗೆ ಇಟ್ಟು ಮರದ ಪೆಟ್ಟಿಗೆಗಳಿಗೆ ತುಂಬುತ್ತಾರೆ. ಅತ್ತೆ ಅಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು, ಹಳೆಯ ಗೆಳತಿಯರಿಗೆ ಮೊಮ್ಮಗನನ್ನು ತೋರಿಸುವ ಆಸೆ. ನಾನು ಅನ್ನ ಬಸಿಯುತ್ತಿದ್ದೆ. ಅವರು ವಾಪಸು ಬಂದು ಜಗಲಿಯ ಮೇಲೆ ಕೂತದ್ದು ಕಾಣಿಸಿತು. ಕೈಯಲ್ಲಿ ಒಳಲೆ ಇತ್ತು. ಮಡಿಲು ಖಾಲಿ.

"ಅತ್ತೆ, ಕೂಸೆಲ್ಲಿ?"

"ಮಲಗದೆ" ಎಂದರು.

"ಎಲ್ಲಿ ಮಲಗಿಸಿದ್ರಿ?"

ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಚೌಕ ಮಾಡಿ ತೋರಿಸಿದರು. ತೊಟ್ಟಿಲೇ ಎಂದು ಕೇಳಿದೆ, ಅಲ್ಲವೆಂದು ತಲೆಯಾಡಿಸಿದರು. ಕಟ್ಟೆಯೇ, ಗಾಡಿಯೇ ಎಂದೆ. "ಅದೇ... ಅದ್ರೊಳ್ಗೆ... ಮೆತ್ತಗಿತ್ತು" ಎಂದರು. ಅವರ ಸೆರಗಿನಲ್ಲಿ ಒಂದೆರಡು ಹುಲ್ಲಿನ ಎಳೆ ಸಿಕ್ಕಿಕೊಂಡಿದ್ದವು. ನಾನು ಬಸಿಯುವ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡಿದೆ.

ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ, ಊಟಕ್ಕೆ ಹೋಗಿದ್ದರು. ಗೋಡೆಯುದ್ದಕ್ಕೂ ಪೆಟ್ಟಿಗೆಗಳನ್ನು ಎದೆಮಟ್ಟ ಪೇರಿಸಿದ್ದರು. ಹೊರಗೆ ಲಾರಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಮಗುವನ್ನು ಕೂಗಿದೆ. ಕೂಗಿದ ಮೇಲೆ ನನ್ನ ಮೂರ್ಖತನ ನನಗೇ ಹೊಳೆಯಿತು. ಅತ್ತೆ ಮನೆಯ ಜಗಲಿಯಲ್ಲಿ ಕಣ್ಣರಳಿಸಿ ಕೂತಿದ್ದಾರೆ. ಅವರು ಅಷ್ಟು ಎಚ್ಚರವಿದ್ದಾರೆಂದರೆ ಮಗು ಅಷ್ಟೇ ಗಾಢವಾಗಿ ಮಲಗಿದೆ. ಅದು ಅಳುವುದಿಲ್ಲ, ಉಸಿರು ಕಟ್ಟಿದರೂ ಅಳಲಾರದು. ಲಾರಿಯವನಿಗೆ ನಿಲ್ಲಿಸಲು ಹೇಳಿದೆ. ಯಾರೋ ನನ್ನ ಗಂಡನನ್ನು ಕರೆತಂದರು. ಅವರ ಬೆರಳುಗಳಲ್ಲಿ ನೀಲಿ ಬಣ್ಣ ಹಸಿಯಾಗಿತ್ತು. ಏನನ್ನೂ ಕೇಳದೆ ಹಾರೆ ತಗೊಂಡು ಮುಚ್ಚಳಗಳ ಮೊಳೆ ಕೀಳತೊಡಗಿದರು. ನಾನು ಹುಲ್ಲನ್ನು ಬಗೆದು ತೆಗೆಯುತ್ತಿದ್ದೆ. ಬಟ್ಟಲುಗಳು ನೆಲಕ್ಕೆ ಬಿದ್ದು ಚೂರಾಗುತ್ತಿದ್ದವು, ಊಟ ಮುಗಿಸಿ ಬಂದ ಹೆಂಗಸರೂ ಚೂರಿನ ಮೇಲೆಯೇ ಮಂಡಿಯೂರಿ ಕೂತು ಬಗೆದರು. ಲಾರಿಗೆ ಆಗಲೇ ಏರಿಸಿದ್ದ ಪೆಟ್ಟಿಗೆಗಳನ್ನೂ ಇಳಿಸಿದರು. ಅವುಗಳಲ್ಲೊಂದಕ್ಕೆ ಮುಚ್ಚಳವನ್ನು ಸುಮ್ಮನೆ ಇಟ್ಟಿದ್ದರು, ಮೊಳೆ ಹೊಡೆದಿರಲಿಲ್ಲ. ಅದರೊಳಗೆ ನಾಗೇಂದ್ರ ಬಟ್ಟಲುಗಳ ನಡುವೆ ಹುಲ್ಲಿನಲ್ಲಿ ಹುದುಗಿಕೊಂಡು ನಿದ್ದೆ ಮಾಡುತ್ತಿದ್ದ. ಕೆನ್ನೆಯ ಮೇಲೆ ಹುಲ್ಲಿನ ಗೆರೆ ಮೂಡಿತ್ತು. ಎತ್ತಿಕೊಂಡೆ. ಎಚ್ಚರವಾಗಲಿಲ್ಲ. ಅವನನ್ನು ಅಷ್ಟು ಹೊತ್ತು ಎದೆಗೆ ಹಿಡಿದುಕೊಂಡಿದ್ದು ಅದೇ ಮೊದಲು.

ಮನೆಗೆ ಬಂದಾಗ ಅತ್ತೆ ಅದೇ ಜಾಗದಲ್ಲಿ ಕೂತಿದ್ದರು. ನಮ್ಮ ಕೈಯ ಗಾಯ, ಸೀರೆಯ ಹುಲ್ಲು, ಮಗು ಎಲ್ಲವನ್ನೂ ನೋಡಿದರು. ಅರ್ಥವಾಯಿತು. "ಪೆಟ್ಗೆ" ಎಂದರು. ಆ ಶಬ್ದ ಆಗ ಸಿಕ್ಕಿತು. ಆಮೇಲೆ ಒಳಲೆಯನ್ನು ಸೆರಗಿನಿಂದ ಒರೆಸಿ ನೆಲದ ಮೇಲಿಟ್ಟು, "ನನ್ ಕೈಲಿ ಆಗಲ್ಲ ಕಣೆ ಚೆಲುವಿ" ಎಂದರು. ಅವರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆದರೆ ಇನ್ನೇನು ಮಾಡುವುದು ಎಂದು ನಮಗ್ಯಾರಿಗೂ ತಿಳಿಯಲಿಲ್ಲ. ಮಗು ಏಳುತ್ತದೆ, ಹಸಿಯುತ್ತದೆ. ಅತ್ತೆ ಉಣಿಸಿದರೆ ಅವರಲ್ಲಿ ಉಳಿದದ್ದೂ ಹೋಗುತ್ತದೆ. ಬೇರೆಯವರು ಉಣಿಸಿದರೆ ಮಗು ಹೋಳಾಗುತ್ತದೆ.

ಸುದ್ದಿ ಕೇಳಿ ಡಾಕ್ಟರ್ ಮೃಣಾಲಿನಿ ಬಂದರು. ಮಗುವಿನ ಎದೆಗೆ ಕಿವಿಗೊಟ್ಟು ನೋಡಿದರು, ನಮ್ಮ ಅಂಗೈಗಳಿಗೆ ಔಷಧಿ ಹಚ್ಚಿದರು. ಆಮೇಲೆ ಎದ್ದು ಹೋಗದೆ ಕಂಬಕ್ಕೆ ಒರಗಿ ಕೂತುಕೊಂಡರು. ಏನೋ ಹೇಳುವುದಿದೆ, ಹೇಳಲು ಮನಸ್ಸಿಲ್ಲ ಎಂದು ಅವರ ಮುಖದಲ್ಲಿ ಕಾಣುತ್ತಿತ್ತು.

"ಹೋದ ವಾರ ಒಂದು ಆಯ್ತು" ಎಂದರು ಕಡೆಗೆ. "ಇವರ ತಲೆಗೆ ತಂತಿ ಹಾಕ್ತಿದ್ದೆ. ಮಗು ಎದ್ದು ಅಳೋಕೆ ಶುರುಮಾಡ್ತು. ಇವರಿಗೆ ಕೈ ಅಲುಗಿಸಬೇಡಿ ಅಂದು ನಾನೇ ಒಳಲೆ ಹಿಡಿದು ಉಣಿಸಿಬಿಟ್ಟೆ. ಹಾಗೆ ಮಾಡಕೂಡದು, ಆದ್ರೂ ಮಾಡಿದೆ. ಆವತ್ತು ಮಧ್ಯಾಹ್ನ ಇವರು ಕುರ್ಚಿಯಲ್ಲೇ ತೂಕಡಿಸಿದ್ರು. ಇವರ ಗೆರೆಯಲ್ಲೇ ನಿದ್ದೆಯ ಅಲೆ ಬಂತು. ನಾನು ಊಟ ಆದ್ಮೇಲೆ ದಿನಾ ಸ್ವಲ್ಪ ಹೊತ್ತು ಮಲಗ್ತೀನಿ. ಅವತ್ತು ಎಷ್ಟು ಹೊರಳಾಡಿದ್ರೂ ನಿದ್ದೆ ಹತ್ತಲಿಲ್ಲ. ಮಗು ಎದ್ದ ಮೇಲೆ ಸರಿಹೋಯ್ತು."

"ಹೋಳಾಯ್ತಾ ಮಗ?" ಎಂದು ಅತ್ತೆ ಕೇಳಿದರು.

"ಇಲ್ಲ. ಅವನ ಗೆರೆ ಎಂದಿನ ಹಾಗೇ ಇತ್ತು."

"ಮತ್ತೆ ಅವತ್ತೇ ಯಾಕ್ ಹೇಳ್ಲಿಲ್ಲ?" ಎಂದು ನನ್ನ ಗಂಡ ಕೇಳಿದರು. ದನಿ ಏರಿಸಿರಲಿಲ್ಲ.

"ಒಂದೇ ಸಲ ಆದದ್ದು. ಒಂದು ಸಲ ಆದದ್ದನ್ನ ನಿಜ ಅಂತ ಹೇಳೋ ಹಾಗಿಲ್ಲ. ನನ್ನ ಮಾತು ನಂಬಿ ನೀವು ಏನಾದ್ರೂ ಮಾಡಿ ಮಗುವಿಗೆ ಹೆಚ್ಚು ಕಮ್ಮಿಯಾದ್ರೆ? ಇವತ್ತೂ ಮಾಡಿ ಅಂತ ನಾನು ಹೇಳ್ತಿಲ್ಲ. ಆದದ್ದು ಹೇಳ್ತಿದೀನಿ ಅಷ್ಟೆ."

ಅಷ್ಟರಲ್ಲಿ ನಾಗೇಂದ್ರ ಎದ್ದ. ಮೊದಲು ಮೆಲ್ಲಗೆ ಮುಲುಗಿದ, ಆಮೇಲೆ ದೊಡ್ಡದಾಗಿ ಅಳತೊಡಗಿದ. ಲೋಟದಲ್ಲಿ ಹಾಲು ಇತ್ತು. ಅತ್ತೆಯ ಕೈ ಅಭ್ಯಾಸದಿಂದ ಒಳಲೆಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ನಾನು ಗಂಡನ ಮುಖ ನೋಡಿದೆ.

"ಗಂಡಸು ಉಣಿಸಿದ್ರೆ ಕಣ್ ಬಿಟ್ಕೊಂಡೇ ಮಲಗ್ತದಂತೆ" ಎಂದರು ಅವರು.

"ಮಲಗ್ಲಿ ಬಿಡಿ" ಎಂದೆ. "ಮಲಗಿದ್ರೆ ಸಾಕು."

ಅವರು ಹಿತ್ತಲಿಗೆ ಹೋಗಿ ನೀಲಿ ಬಣ್ಣ ಹೋಗುವವರೆಗೆ ಕೈ ಉಜ್ಜಿ ತೊಳೆದು ಬಂದರು. ಚಕ್ಕಳಮಕ್ಕಳ ಹಾಕಿ ಕೂತು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಬಟ್ಟಲಿನ ಅಂಚಿಗೆ ಕೂದಲೆಳೆಯಷ್ಟು ಗೆರೆ ಬರೆಯುವ ಕೈ, ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಅತ್ತೆ "ತಲೆ ಮ್ಯಾಲಕ್ಕಿರ್ಲಿ, ನೆತ್ತಿಗೇರ್ತದೆ" ಎಂದು ಹೇಳಿಕೊಡುತ್ತಿದ್ದರು. "ಮೂತಿ ಒಳಗ್ ತುರುಕ್ಬೇಡ, ತುಟಿ ಮ್ಯಾಗಿಡು. ಅವ್ನೇ..." ಅಷ್ಟಕ್ಕೆ ಮಾತು ನಿಂತಿತು. ತಿರುಗಿ ನೋಡಿದರೆ ಅಕ್ಕಿ ಮೂಟೆಗೆ ಒರಗಿ ಅವರು ನಿದ್ದೆ ಹೋಗಿದ್ದರು. ನಾಗೇಂದ್ರನೂ ಕಣ್ಣು ಮುಚ್ಚಿದ. ಸರಿಯಾಗಿಯೇ ಮುಚ್ಚಿದ. ನನ್ನ ಗಂಡ ಒಳಲೆ ಹಿಡಿದುಕೊಂಡೇ ನೆಟ್ಟಗೆ ಕೂತಿದ್ದರು, ಕಣ್ಣುಗಳು ಅಗಲವಾಗಿದ್ದವು. "ಎಲ್ಲಾ ಸದ್ದೂ ಕೇಳಿಸ್ತದೆ ಕಣೆ" ಎಂದರು ಸಣ್ಣ ದನಿಯಲ್ಲಿ. ಡಾಕ್ಟರು ಟೋಪಿ ತರಲು ಉಗ್ರಾಣಕ್ಕೆ ಓಡಿದರು. ಅವರು ಓಡಿದ್ದನ್ನು ಊರು ಅವತ್ತು ಮಾತ್ರ ನೋಡಿದ್ದು.

ಅತ್ತೆ ಎದ್ದದ್ದು ಮೂರನೆಯ ದಿನ. ಆ ಮೂರು ದಿನವೂ ಅವರು ಗೊರಕೆ ಹೊಡೆದರು. ಅವರ ಗೊರಕೆ ಹೇಗಿರುತ್ತದೆಂದು ನನಗೆ ಮರೆತೇಹೋಗಿತ್ತು. ಹಲಗೆ ಎಳೆದಂತೆ ಶುರುವಾಗಿ ಸಿಳ್ಳೆಯಲ್ಲಿ ಮುಗಿಯುತ್ತಿತ್ತು. ಬೀದಿಯವರು ಗುಂಪಾಗಿ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕೆಲವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಕಾರ್ಖಾನೆಯ ಮೇಸ್ತ್ರಿ ನನ್ನ ಗಂಡನನ್ನು ಬಣ್ಣದ ಕೆಲಸದಿಂದ ತೆಗೆದು ಹುಲ್ಲು ಬಿಡಿಸುವ ಹೆಂಗಸರ ಸಾಲಿನಲ್ಲಿ ಕೂರಿಸಿದರು. ನಿಯಮ ಎಲ್ಲರಿಗೂ ಒಂದೇ ಎಂದರಂತೆ. ಇವರು ಹೋಗಿ ಕೂತರು. ಒಂದೆರಡು ದಿನ ಹೆಂಗಸರು ಮಾತಾಡಿಸಲಿಲ್ಲ. ಆಮೇಲೆ ಒಬ್ಬಾಕೆ ಕಣ್ಣುರಿಗೆ ಸೌತೆಕಾಯಿ ಹೋಳು ಇಟ್ಟುಕೊಳ್ಳಲು ಹೇಳಿಕೊಟ್ಟಳಂತೆ. ಅದನ್ನು ಮನೆಗೆ ಬಂದು ನನಗೆ ಹೇಳಿದಾಗ ಅವರ ಮುಖದಲ್ಲಿ ಒಂದು ಬಗೆಯ ಹೆಮ್ಮೆಯಿತ್ತು.

ಡಾಕ್ಟರು ದಿನವೂ ಬಂದು ಎರಡು ಟೋಪಿ ತೊಡಿಸಿ ಗೆರೆಗಳನ್ನು ನೋಡುತ್ತಿದ್ದರು. ಒಂದು ದಿನ ತಂತಿ ಸುತ್ತುತ್ತ, ತಮ್ಮಷ್ಟಕ್ಕೆ ತಾವು ಹೇಳಿಕೊಂಡಂತೆ, "ಹಾಲಿನ ಪಾತ್ರ ಏನೂ ಇಲ್ಲ. ಮೊದಲ ಕೈಯ ಮಾತೂ ಸುಳ್ಳು. ಯಾರು ಉಣಿಸ್ತಾರೋ ಆ ಒಂದು ಹೊತ್ತಿನ ಮಟ್ಟಿಗೆ ಅವರ ನಿದ್ದೆ, ಅಷ್ಟೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಾಗೆ ನೋಡಿದ್ರೆ ಬೆಳಗಿನ ಹೊತ್ತು ಉಣಿಸೋದಕ್ಕೆ ನೀವು ಕಳಕೊಳ್ಳೋದು ಏನೂ ಇಲ್ಲ. ಆಗ ಹೇಗೂ ಎದ್ದೇ ಇರ್ತೀರಲ್ಲ" ಎಂದರು.

ಅವರು ತಂತಿ ಸುತ್ತಿ ಮುಗಿಸಿ, ಪೆಟ್ಟಿಗೆ ಮುಚ್ಚಿ ಹೊರಟುಹೋದರು. ನಾನು ಕೂತಲ್ಲೇ ಕೂತೆ. ಅಷ್ಟು ಸಣ್ಣ ಮಾತು. ಹಗಲು ನಾನು ಎಚ್ಚರವಿರುತ್ತೇನೆ, ಹಗಲು ಮಗು ಮಲಗಿದರೆ ನನಗೆ ನಷ್ಟವಿಲ್ಲ. ಇದನ್ನು ತಿಳಿಯಲು ತಂತಿ ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ, ಒಮ್ಮೆ ಕೈ ಬದಲಿಸಿ ನೋಡಿದ್ದರೆ ಆಗುತ್ತಿತ್ತು. ಭಾನು ಹುಟ್ಟಿದಾಗಲೇ ನೋಡಬಹುದಿತ್ತು. ಬಾಗಿಲ ಈಚೆ ಕೂತು ಹಾಲು ಹಿಂಡಿದ ಬೆಳಗುಗಳೆಲ್ಲ ನೆನಪಿಗೆ ಬಂದವು. ಹೊರಗೆ ಭಾನು ಗಜ್ಜುಗ ಆಡುತ್ತಿದ್ದಳು, ಕಾಯಿ ನೆಲಕ್ಕೆ ಬೀಳುವ ಸದ್ದು ಬರುತ್ತಿತ್ತು. ಯಾರ ಮೇಲೆ ಸಿಟ್ಟಾಗಬೇಕೆಂದು ಯೋಚಿಸಿದೆ. ಯಾರೂ ಸಿಗಲಿಲ್ಲ. ಎದ್ದು ಪಾತ್ರೆ ತೊಳೆದೆ.

ಗಂಡ ಬೇಡವೆಂದರು. "ಡಾಕ್ಟ್ರು ಹೇಳ್ತಾರೆ, ನಾಳೆ ಊರಿಗ್ ಹೋಯ್ತಾರೆ. ನೀನ್ ಬಿದ್ರೆ?" ಎಂದರು. ಡಾಕ್ಟರನ್ನು ಕೇಳಿದರೆ, ಕಾಯಿಲೆಯವರ ಹಾಲು ತಗೊಳ್ಳಬಹುದೇ ಹೊರತು ಅವರ ಕೈಯಿಂದ ಉಣಿಸಿ ನೋಡಲು ತಮಗೆ ಅನುಮತಿ ಇಲ್ಲ, ತಾವು ಹೂಂ ಎನ್ನುವಂತಿಲ್ಲ, ಊಹೂಂ ಎನ್ನಲೂ ಕಾರಣವಿಲ್ಲ ಎಂದರು. ಉಳಿದವರು ಅತ್ತೆ. ಅವರು ಎದ್ದ ಮೇಲೆ ಹೆಚ್ಚು ಮಾತಾಡುತ್ತಿರಲಿಲ್ಲ. ಶಬ್ದಗಳು ಒಂದೊಂದಾಗಿ ಹಿಂದಿರುಗುತ್ತಿದ್ದವು, ಆದರೂ ಮೂಲೆ ಹಿಡಿದಿದ್ದರು. ಒಂದು ಸಲ ಮಾತ್ರ ಮಗನಿಗೆ, "ನನ್ ಕೈಯಿಂದ ಬಿಡಿಸ್ಕೊಂಡ್ಬಿಟ್ರಿ ಅಲ್ವಾ" ಎಂದಿದ್ದರು. ಅವರಿಗೆ ನಿದ್ದೆ ಸಿಕ್ಕಿತ್ತು. ಆದರೆ ಅಷ್ಟು ವರ್ಷ ಅವರು ಬೀದಿಯಲ್ಲಿ ಬಂದರೆ ಸೈಕಲ್ಲುಗಳು ನಿಲ್ಲುತ್ತಿದ್ದವು. ಈಗ ನಿಲ್ಲುತ್ತಿರಲಿಲ್ಲ.

ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ನಾನು ನಾಗೇಂದ್ರನನ್ನು ಎತ್ತಿಕೊಂಡು ಅತ್ತೆಯ ಎದುರಿಗೇ ಕೂತೆ. ಬಾಗಿಲು ಮುಚ್ಚಲಿಲ್ಲ. ಲೋಟ ತರಲಿಲ್ಲ. ಎದೆಗೆ ಹಿಡಿದೆ. ಅವನಿಗೆ ಒಳಲೆಯ ಮೂತಿ ಗೊತ್ತಿತ್ತೇ ಹೊರತು ಇದು ಗೊತ್ತಿರಲಿಲ್ಲ. ಮುಖ ತಿರುಗಿಸಿ ಅತ್ತ. ಇನ್ನೊಂದು ಕಡೆಗೆ ಹಿಡಿದೆ, ಅಲ್ಲೂ ಅತ್ತ. ಬೀಳುತ್ತೇನೆಂದು ಹೆದರಿ ಗೋಡೆಗೆ ಒರಗಿದೆ. ಅತ್ತೆ ನೋಡುತ್ತಲೇ ಇದ್ದರು. ಆಮೇಲೆ ಎದ್ದು ಬಂದು, ನನ್ನ ಬೆನ್ನಿಗೆ ದಿಂಬು ಕೊಟ್ಟು, ಮಗುವಿನ ಹಿಂದಲೆಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿದರು.

"ತುರುಕ್ಬೇಡ. ತುಟಿಗೆ ಮುಟ್ಸು. ಅವ್ನೇ ಹುಡಿಕ್ಕೋತಾನೆ."

ಅವನು ಹುಡುಕಿಕೊಂಡ. ನನಗೆ ನೋವಾಯಿತು. ಅತ್ತೆ ಕೈ ತೆಗೆಯಲಿಲ್ಲ, ಅವನು ಕುಡಿದು ಮುಗಿಸುವವರೆಗೆ ಹಾಗೇ ತಲೆ ಹಿಡಿದುಕೊಂಡಿದ್ದರು. ಯಾರ ಕೈ ಲೆಕ್ಕಕ್ಕೆ ಬರುತ್ತದೋ ಎಂದು ನನಗೆ ಅನುಮಾನವಾಯಿತು. ನಾಗೇಂದ್ರನ ಕಣ್ಣು ಮುಚ್ಚಿದ ಗಳಿಗೆಗೆ ನನಗೆ ತಿಳಿಯಿತು. ಕಿವಿಯಿಂದ ಹತ್ತಿ ಕಿತ್ತಂತೆ ಎಲ್ಲ ಸದ್ದೂ ಒಟ್ಟಿಗೆ ಒಳಗೆ ಬಂದವು. ನೊಣ, ಬೀದಿಯ ಗಾಡಿ, ಅತ್ತೆಯ ಉಸಿರು. ತಲೆ ತಿರುಗುತ್ತದೆಂದು ಕಾದೆ. ತಿರುಗಲಿಲ್ಲ. ಮಧ್ಯಾಹ್ನ ಅವನು ಎದ್ದ. ಸಂಜೆ ನನ್ನ ಗಂಡ ಬರುವ ಹೊತ್ತಿಗೆ ನಾನು ಅಡಿಗೆ ಮುಗಿಸಿದ್ದೆ. ಆ ರಾತ್ರಿ ಎಂದಿನಂತೆ ಮಲಗಿ ಎಂದಿನಂತೆ ಎದ್ದೆ.

ಅಲ್ಲಿಂದ ಮುಂದೆ ಹೊತ್ತುಗಳು ಹಂಚಿಕೆಯಾದವು. ಬೆಳಗಿನದು ನನ್ನದು. ರಾತ್ರಿಯದನ್ನು ಗಂಡ ತಗೊಂಡರು. ಸಂಜೆ ಹೊತ್ತಿನದನ್ನು ಅತ್ತೆ ಬಿಡಲಿಲ್ಲ. "ಅದೊಂದು ನಂಗಿರ್ಲಿ" ಎಂದರು, ನಾವು ಇರಲಿ ಎಂದೆವು. ಊರಲ್ಲಿ ಇನ್ನೂ ಕೆಲವು ಮನೆಗಳು ಹಾಗೆ ಮಾಡಿದವು. ಎಲ್ಲ ಮನೆಗಳೂ ಮಾಡಲಿಲ್ಲ. ಹಂಚಿಕೆ ಶುರುವಾದ ಮೇಲೆ ಹಗಲಿನ ಹೊತ್ತಿಗಾಗಿ ಜಗಳಗಳೂ ಶುರುವಾದವು. ರಾತ್ರಿಯದು ಯಾರಿಗೂ ಬೇಡ. ಒಂದು ಮನೆಯಲ್ಲಿ ಇದೇ ಕಾರಣಕ್ಕೆ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರು. ಡಾಕ್ಟರ್ ಮೃಣಾಲಿನಿ ಯಂತ್ರಗಳನ್ನು ಪೆಟ್ಟಿಗೆಗೆ ತುಂಬಿಸಿಕೊಂಡು ಹೋದರು. ನಮ್ಮೂರ ಹುಲ್ಲನ್ನೇ ತುಂಬಿ ಕಳಿಸಿದೆವು. ತಾವು ಉಣಿಸಿದ ಆ ಒಂದು ಹೊತ್ತನ್ನು ತಮ್ಮ ವರದಿಯಿಂದ ಮೇಲಧಿಕಾರಿಗಳು ತೆಗೆಸಿಹಾಕಿದ್ದಾರೆಂದು ಹೋಗುವ ಮೊದಲು ಹೇಳಿದರು. ಅದರ ಬಗ್ಗೆ ಅವರಿಗೆ ಬೇಸರವಿದ್ದಂತೆ ಕಾಣಲಿಲ್ಲ. ನಾಗೇಂದ್ರನನ್ನು ಎತ್ತಿಕೊಂಡು, "ನಾನೂ ಒಂದು ಸಲ ಕೊಟ್ಟಿದೀನಿ ನಿಂಗೆ" ಎಂದು ಅವನ ಕಿವಿಯಲ್ಲಿ ಹೇಳಿ ನನ್ನ ಕೈಗೆ ಕೊಟ್ಟು ಹೋದರು.

ಅತ್ತೆ ಈಗ ಬೆಳಿಗ್ಗೆ ತಿಂಡಿಯಾದ ಮೇಲೂ ಮಲಗುತ್ತಾರೆ. ಎಷ್ಟೋ ವರ್ಷದ ಬಾಕಿ ಎನ್ನುತ್ತಾರೆ. ಕೆಲವು ಶಬ್ದಗಳು ಅವರಿಗೆ ಮರಳಿ ಬರಲೇ ಇಲ್ಲ. ಇಕ್ಕಳ ಇಂದಿಗೂ ಹಿಡಿಯೋದೇ.

ಹೋದ ಭಾನುವಾರ ಶಾಲೆ ಇರಲಿಲ್ಲ. ಬೆಳಿಗ್ಗೆ ನಾಗೇಂದ್ರನಿಗೆ ಉಣಿಸಿ ಪಕ್ಕದಲ್ಲಿ ಮಲಗಿಸಿಕೊಂಡು ಅಕ್ಕಿ ಆರಿಸುತ್ತಿದ್ದೆ. ನಡುಮನೆಯಿಂದ ಅತ್ತೆಯ ಗೊರಕೆ ಕೇಳುತ್ತಿತ್ತು. ಭಾನು ಬಾಗಿಲಲ್ಲಿ ಬಂದು ನಿಂತಳು. ಹಿಂದಿನ ದಿನದಿಂದ ಅವಳಿಗೆ ನೆಗಡಿ, ಕಣ್ಣು ಕೆಂಪಗಿತ್ತು, ಕಂಕುಳಲ್ಲಿ ದಿಂಬು ಇತ್ತು.

"ಏನವ್ವ?" ಎಂದೆ.

"ಅಜ್ಜಿ ಗೊರ್ಕೆ ಹೊಡೀತಾಳೆ. ನಂಗೆ ಮಲಗಕ್ಕಾಯ್ತಿಲ್ಲ."

ಮೊರವನ್ನು ಆಚೆ ಸರಿಸಿದೆ. ಅವಳು ಚಾಪೆಯ ಈ ಬದಿಗೆ ದಿಂಬು ಹಾಕಿ, ನನ್ನ ತೊಡೆಗೆ ಬೆನ್ನು ಒತ್ತಿ ಮಲಗಿದಳು. ಮೂಗು ಕಟ್ಟಿದ್ದರಿಂದ ಬಾಯಿಯಲ್ಲಿ ಉಸಿರಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು. ಆ ಕಡೆ ನಾಗೇಂದ್ರ ಮಲಗಿದ್ದ, ಅದು ನನ್ನ ನಿದ್ದೆ. ಈ ಕಡೆ ಇವಳು ಮಲಗಿದ್ದಳು. ಅದು ಯಾರೂ ಕೊಟ್ಟದ್ದಲ್ಲ, ಅವಳದೇ. ಅದನ್ನು ಅವಳೇ ನನ್ನ ಹತ್ತಿರ ತಂದಿದ್ದಳು. ಅಕ್ಕಿ ಆರಿಸುವುದು ಬಾಕಿಯಿತ್ತು. ಕೈ ಚಾಚಿದರೆ ಮೊರ ಸಿಗುತ್ತಿತ್ತು, ಆದರೆ ಅದಕ್ಕೆ ಕಾಲು ಅಲುಗಿಸಬೇಕಿತ್ತು. ನಾನು ಹಾಗೇ ಕೂತಿದ್ದೆ.